ರೆಕ್ಕೆಯ ಹುಡುಗಿಯನ್ನು ಸೊಕ್ಕೆಗೆ ತಂದವರು

ಶಾಲೆಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ನಿಂತು ಅವರನ್ನು ಶಾಂತ ಸ್ವಭಾವದವರು, ಮಿತಭಾಷಿ, ಯಾರ ಮನಸ್ಸನ್ನೂ ನೋಯಿಸದವರು ಎಂದೆಲ್ಲ ಹೊಗಳಿದರು. ನಾನು ಹಿಂದಿನ ಬೆಂಚಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ಅಳುತ್ತಿದ್ದೇನೆ ಎಂದುಕೊಂಡು ಪಕ್ಕದವರು ಬೆನ್ನು ಸವರಿದರು. ಅಳುವೂ ಇತ್ತು, ಇಲ್ಲವೆನ್ನಲಾರೆ. ಆದರೆ ಮಿತಭಾಷಿ! ಹೊನ್ನಾಳಿಯಲ್ಲಿ ಬಸ್ಸು ಹತ್ತಿದಲ್ಲಿಂದ ಬಸವಾಪಟ್ಟಣದಲ್ಲಿ ಇಳಿಯುವ ತನಕ ಆ ಹೆಂಗಸಿನ ಬಾಯಿ ಮುಚ್ಚಿದ್ದನ್ನು ನಾನು ಕಂಡವಳಲ್ಲ. ಇನ್ನು ಯಾರ ಮನಸ್ಸನ್ನೂ ನೋಯಿಸದವರು ಎಂಬ ಮಾತಿಗೆ ಎದ್ದು ನಿಂತು ತಕರಾರು ಹೇಳಬೇಕೆಂದಿದ್ದೆ. ಸತ್ತವರ ಫೋಟೋಗೆ ಹಾರ ಹಾಕಿದ್ದರಿಂದ ಸುಮ್ಮನಾದೆ.

ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಬೇಸರವಾಗುತ್ತಿತ್ತು ಎಂದಲ್ಲ. ಬಹಳ ಖುಷಿಯಾಗುತ್ತಿತ್ತು, ಅದಕ್ಕೇ ಬರೆಯುವುದಿಲ್ಲ. ಹೇಗೂ ನಮ್ಮ ಶಾಲೆಯಲ್ಲಿ ಯಾರಿಗೂ ಹೆಸರಿರುವುದಿಲ್ಲ, ಪಾಠ ಮಾಡುವ ವಿಷಯವೇ ಹೆಸರು. ಅವರು ಇಂಗ್ಲಿಷ್ ಮೇಡಂ, ನಾನು ಗಣಿತ ಮೇಡಂ. ಅವರು ನನಗೆ ಆ ಮೇಡಂ ಕೂಡ ಬಿಟ್ಟುಕೊಡುತ್ತಿರಲಿಲ್ಲ. "ಏನ್ರೀ ಗಣಿತ, ಮುಖ ಯಾಕೆ ಹಿಂಗೈತೆ?" ಎಂದೇ ದಿನ ಶುರುವಾಗುತ್ತಿತ್ತು. ನನ್ನ ಮುಖ ಹಾಗಾಗಲು ಅವರೇ ಕಾರಣ ಎಂದು ಎಷ್ಟು ಸಲ ಹೇಳಿದರೂ ಕಿವಿಯ ಮೇಲೆ ಹಾಕಿಕೊಂಡವರಲ್ಲ.

ಕಿಟಕಿ ಪಕ್ಕದ ಸೀಟು ಅವರದು. ನಾನು ಮೊದಲು ಹತ್ತಿ ಅಲ್ಲಿ ಕೂತಿದ್ದರೂ ನನ್ನನ್ನು ಈಚೆ ಸರಿಸಿ, ಗಾಳಿ ಬೇಕು ಎಂದು ಕೂತು, ಎರಡನೇ ಸ್ಟಾಪಿನಲ್ಲಿ ಗಾಳಿ ಜಾಸ್ತಿಯಾಯಿತೆಂದು ಗಾಜು ಎಳೆಯುತ್ತಿದ್ದರು. ನನ್ನ ಕೆಂಪು ಪೆನ್ನು ತೆಗೆದುಕೊಂಡರೆ ಅದು ಮತ್ತೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಮಧ್ಯಾಹ್ನ ತಮ್ಮ ಡಬ್ಬಿಯ ಉಪ್ಪಿಟ್ಟನ್ನು ಮುಚ್ಚಳದಲ್ಲಿಟ್ಟು ನನ್ನ ಕಡೆ ತಳ್ಳಿ ನನ್ನ ಜೋಳದ ರೊಟ್ಟಿ ತಿನ್ನುತ್ತಿದ್ದರು. "ನಿಮ್ಮ ರೊಟ್ಟೀನೂ ಗಣಿತದಂಗೇ ಐತ್ರೀ, ಎಲ್ಲಾ ಕಡೆ ಒಂದೇ ಸಮ" ಎಂಬುದು ಹೊಗಳಿಕೆಯೋ ಹಂಗಿಸುವುದೋ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅವರ ಪುಸ್ತಕಗಳು.

ಇಂಗ್ಲಿಷ್ ಎಂ.ಎ. ಮಾಡಿದವರು. ಒಳ್ಳೆಯದನ್ನು ಓದಬೇಕೆಂದರೆ ಏನು ಕೊರತೆ? ಅದನ್ನು ಬಿಟ್ಟು ಹದಿನಾರು ಹದಿನೇಳು ವರ್ಷದ ಹುಡುಗರಿಗೆಂದು ಬರೆದ ಕಾದಂಬರಿಗಳನ್ನು ಪಾರ್ಸೆಲ್‌ನಲ್ಲಿ ತರಿಸುತ್ತಿದ್ದರು. ರಕ್ಷಾಪುಟದ ತುಂಬ ನೇರಳೆ ಬಣ್ಣ, ಬೆಳ್ಳಿ ಮಿಂಚು. ಬೆನ್ನು ತಿರುಗಿಸಿ ಕೈಹಿಡಿದು ನಿಂತ ಇಬ್ಬರು ಹುಡುಗಿಯರು, ಅವರ ತಲೆಯ ಮೇಲೊಂದು ಹಾರುವ ನರಿ. ಆ ಮಿಂಚು ಉದುರಿ ನನ್ನ ಸೀರೆಗೆ ಅಂಟಿಕೊಂಡು, ಮನೆಯಲ್ಲಿ "ಯಾವ ನಾಟಕದಲ್ಲಿ ಪಾರ್ಟು ಮಾಡಿ ಬಂದೆ?" ಎಂದು ನಮ್ಮವರು ಕೇಳುತ್ತಿದ್ದರು. ಎಲ್ಲ ಪುಸ್ತಕದಲ್ಲೂ ಅದೇ. ಒಂದು ಮನೆ ಊರಿಂದೂರಿಗೆ ನಡೆದು ಹೋಗುತ್ತದೆ, ಅಜ್ಜಿ ಸತ್ತ ಮೇಲೂ ಅಡುಗೆಮನೆಯಲ್ಲಿ ಗೊಣಗುತ್ತಾಳೆ, ಮತ್ತೆ ನಡುವೆ ಹೆಣ್ಣನ್ನು ಮೆಚ್ಚಿದ ಹೆಣ್ಣು, ಗಂಡನ್ನು ಮೆಚ್ಚಿದ ಗಂಡು, ಇಲ್ಲವೇ ತಾನು ಎರಡೂ ಅಲ್ಲ ಎನ್ನುವ ಇನ್ನೊಬ್ಬರು. ಇಂಥವರನ್ನು ಇಂಗ್ಲಿಷಿನಲ್ಲಿ ಕ್ವಿಯರ್ ಎನ್ನುತ್ತಾರೆ ಎಂದು ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ನನಗೆ ಹೇಳಿಕೊಟ್ಟವರು ಅವರೇ. ಮೆಲ್ಲಗೆ ಹೇಳಿ ಎಂದರೆ ಇನ್ನಷ್ಟು ಗಟ್ಟಿಯಾಗಿ ಹೇಳಿದರು.

ಒಂದು ದಿನ ತಡೆಯಲಾರದೆ ಕೇಳಿದೆ. "ಈ ವಯಸ್ಸಿಗೆ ಇದೆಲ್ಲ ಯಾಕ್ರೀ ಮೇಡಂ ನಿಮಗೆ?"

"ದೊಡ್ಡೋರ ಕಥೆಯಾಗೆ ಇಂಥೋರು ಬಂದ್ರೆ ಕೊನೇ ಪುಟದೊಳಗೆ ಬಾವಿಗೆ ಬೀಳ್ತಾರೆ. ಇಲ್ಲಾಂದ್ರೆ ಯಾರನ್ನೋ ಮದುವೆಯಾಗಿ ಸುಮ್ಮನಾಗ್ತಾರೆ. ಈ ಹುಡುಗ್ರ ಪುಸ್ತಕದಾಗೆ ಬದುಕಿರ್ತಾರ್ರೀ ಗಣಿತ. ಕೊನೇ ಪುಟದಾಗೂ ಹಸಿವಾಗಿ ಊಟಕ್ಕೆ ಕುಂತಿರ್ತಾರೆ."

"ಹಾಗಾದರೆ ಅದನ್ನೇ ಬರೆಯಲಿ. ನರಿ ಯಾಕೆ ಹಾರಬೇಕು?"

"ನರಿ ಹಾರಿದ್ದಕ್ಕೆ ನೀವು ಜಗಳಕ್ಕೆ ನಿಲ್ತೀರಿ ನೋಡ್ರಿ, ಅಷ್ಟೊತ್ತಿಗೆ ಆ ಹುಡುಗೀರು ತಮ್ಮ ಪಾಡಿಗೆ ತಾವು ಎರಡು ಪುಟ ಮುಂದೆ ಹೋಗಿರ್ತಾರೆ."

ಇಂಥ ಉತ್ತರಕ್ಕೆ ಏನು ಹೇಳುವುದು? ಲೆಕ್ಕದಲ್ಲಾದರೆ ತಪ್ಪು ಹಾಕಿ ಕೆಳಗೆ ಗೆರೆ ಎಳೆಯಬಹುದಿತ್ತು.

ಅವರು ಮದುವೆಯಾಗಿರಲಿಲ್ಲ. ಹೊನ್ನಾಳಿಯಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆ, ಒಂದು ರೇಡಿಯೋ, ಗೋಡೆಯುದ್ದಕ್ಕೆ ಪುಸ್ತಕ. ಅವರ ಬದುಕಿನಲ್ಲೂ ಇಂಥ ಯಾರಾದರೂ ಇದ್ದರೇ ಎಂದು ಯೋಚಿಸಿದ್ದೇನೆ. ವರ್ಷಗಟ್ಟಲೆ ಪಕ್ಕದಲ್ಲಿ ಕೂತರೂ ನನಗೆ ಗೊತ್ತಾಗಲಿಲ್ಲ. ಜಗತ್ತಿನ ಮಾತನ್ನೆಲ್ಲ ಆಡಿದವರು ತಮ್ಮದೊಂದನ್ನು ಮಾತ್ರ ಬಾಯಿ ಬಿಡಲಿಲ್ಲ. ಅದಕ್ಕೂ ನನಗೆ ಅವರ ಮೇಲೆ ಸಿಟ್ಟಿದೆ.

ಪುಸ್ತಕ ಓದಿದ ಮೇಲೆ ಅವನ್ನು ಶಾಲೆಯ ಕಪಾಟಿನಲ್ಲಿ ತಂದಿಡುತ್ತಿದ್ದರು. ಹುಡುಗಿಯೊಬ್ಬಳಿಗೆ ರೆಕ್ಕೆ ಮೂಡುವ ಒಂದು ಪುಸ್ತಕದ ಮೇಲೆ ಯಾರೋ ಒಬ್ಬ ತಂದೆ ದೂರು ಕೊಟ್ಟ. ಹೆಡ್‌ಮಾಸ್ತರು ನಮ್ಮಿಬ್ಬರನ್ನೂ ಕರೆಸಿದರು. ನನ್ನನ್ನು ಯಾಕೆ ಕರೆಸಿದರೋ, ಪಕ್ಕದಲ್ಲಿ ಕೂರುವ ತಪ್ಪಿಗಿರಬೇಕು. ಹೆಡ್‌ಮಾಸ್ತರು ಕೆಮ್ಮಿ, ಸುತ್ತಿ ಬಳಸಿ, "ಮೇಡಂ, ಆ ರೆಕ್ಕೆ ಗಿಕ್ಕೆ ಎಲ್ಲ ಇರ್ಲಿ, ಕಲ್ಪನೆ. ಆದ್ರೆ ಆ ಇನ್ನೊಂದು ವಿಚಾರ..." ಎಂದರು.

"ಸಾರ್, ಹುಡುಗಿಗೆ ರೆಕ್ಕೆ ಬಂದಿದ್ದಕ್ಕೆ ನಿಮ್ಮ ತಕರಾರಿಲ್ಲ?"

"ಅದಕ್ಕೇನು ಬಿಡ್ರಿ, ಪುರಾಣದಾಗೂ ಐತೆ."

"ಅಷ್ಟು ದೊಡ್ಡದನ್ನೇ ನುಂಗಿದ್ರಲ್ಲ ಸಾರ್, ಈ ಸಣ್ಣದು ಗಂಟಲಾಗೆ ಸಿಕ್ಕಾಕ್ಕೊಳ್ತಾ?" ಎಂದು ಕೇಳಿ, ಅವರ ಮೇಜಿನ ಮೇಲಿದ್ದ ನೀರನ್ನು ಅವರ ಕಡೆಗೇ ಸರಿಸಿ ಎದ್ದು ಬಂದರು. ಉಳಿದ ಬೈಗುಳವನ್ನು ಕೇಳಿಸಿಕೊಳ್ಳಲು ನಾನೊಬ್ಬಳೇ ಉಳಿದೆ.

ಈ ರೆಕ್ಕೆಯ ಹುಡುಗಿಯೇ ಮುಂದೆ ನಮ್ಮ ಬಸ್ಸಿಗೆ ಗಂಟುಬಿದ್ದವಳು. ಅದು ಶುರುವಾದದ್ದು ರತ್ನಕ್ಕನಿಂದ. ರತ್ನಕ್ಕನಿಗೆ ಬಸವಾಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿ. ದಾರಿಯ ಒಂದು ಹಳ್ಳಿಯಲ್ಲಿ ಮನೆ, ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು, ನಮ್ಮ ಶಾಲೆಯಲ್ಲೇ ಓದಿದವಳು, ಚನ್ನಗಿರಿಯಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬಂದ ಗಂಡುಗಳನ್ನೆಲ್ಲ ಬೇಡ ಎಂದು, ಕೊನೆಗೆ ಅದೇ ಲ್ಯಾಬಿನ ನ್ಯಾಮತಿ ಕಡೆಯ ಹುಡುಗಿಯೊಬ್ಬಳ ಜೊತೆ ಬಾಳುತ್ತೇನೆ ಎಂದು ತಾಯಿಗೆ ನೇರವಾಗಿ ಹೇಳಿದ್ದಳು. ತಾಯಿ "ಇನ್ನು ನೀನು ನನ್ನ ಪಾಲಿಗೆ ಇಲ್ಲ" ಎಂದಿದ್ದಳು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಇದು ಬಸ್ಸಿನಲ್ಲಿ ಎಲ್ಲರಿಗೂ ಗೊತ್ತಿತ್ತು, ರತ್ನಕ್ಕನ ಎದುರಿಗೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ರತ್ನಕ್ಕ ಬಸ್ಸು ಹತ್ತಿದವಳೇ ನೇರ ನಮ್ಮ ಸೀಟಿನ ಹತ್ತಿರ ಬಂದು ಕಂಬಿ ಹಿಡಿದು ನಿಂತಳು.

"ಮೇಡಮ್ಮಾರೆ, ನಿಮ್ಮ ಪುಸ್ತಕ ಓದೇ ನನ್ ಮಗಳು ಹಿಂಗಾದ್ಲು."

ನಾನು ಚೀಲದಲ್ಲಿ ಏನನ್ನೋ ಹುಡುಕತೊಡಗಿದೆ. ಬೇರೆ ಯಾರಾದರೂ ಆಗಿದ್ದರೆ ಕ್ಷಮೆ ಕೇಳುತ್ತಿದ್ದರು, ಇಲ್ಲವೇ ಜಗಳವಾಡುತ್ತಿದ್ದರು. ಇವರು ಕುತೂಹಲದಿಂದ ತಲೆಯೆತ್ತಿ, "ಯಾವ ಪುಸ್ತಕ?" ಎಂದರು.

"ನಂಗೇನ್ ಗೊತ್ರೀ, ಇಂಗ್ಲಿಷಿಂದು. ರೆಕ್ಕೆ ಹುಡುಗೀದಂತೆ. ಶಾಲೆಯಾಗೆ ಇದ್ದಾಗ್ಲೇ ತಲೆದಿಂಬಿನ ಕೆಳಗೆ ಇಟ್ಕಂಡು ಮಲಗ್ತಿದ್ಲು."

"ಓಹೋ, ಅದಾ! ಕುಂತ್ಕಳ್ರಿ ರತ್ನಕ್ಕ, ಹೇಳ್ತೀನಿ. ಪೂರ್ತಿ ಕೇಳಿ, ಆಮೇಲೆ ಬೈರಿ. ಕೇಳಿದ ಮೇಲೆ ನೀವೂ ಹಂಗೇ ಆದ್ರೆ ತಪ್ಪು ನಂದು."

ಕಂಡಕ್ಟರ್ ಕಿಸಕ್ಕನೆ ನಕ್ಕ. ರತ್ನಕ್ಕ ಕೂರಲಿಲ್ಲ. ಆದರೆ ಮುಂದಕ್ಕೂ ಹೋಗಲಿಲ್ಲ. ಕಥೆ ಶುರುವಾಯಿತು.

ಪುಸ್ತಕದಲ್ಲಿ ಇದ್ದದ್ದು ಹಿಮ ಬೀಳುವ ಯಾವುದೋ ಊರು, ಹೆಸರು ಹೇಳಿದರೆ ನಾಲಿಗೆ ಹೊರಳದು. ಇವರು ಅದನ್ನು ತೆಗೆದುಹಾಕಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, "ಜಗಳೂರು ತಾಲ್ಲೂಕಿನಾಗೆ ಸೊಕ್ಕೆ ಅಂತ ಊರೈತಲ್ಲ, ಅಲ್ಲಿ ಒಬ್ಬಾಕೆ ಹುಡುಗಿ" ಎಂದು ಶುರು ಮಾಡಿದರು. ಇಳಿದ ಮೇಲೆ ನಾನು ದಬಾಯಿಸಿದೆ. ಅದಕ್ಕೆ, "ಹಿಮ ಅಂದ್ರೆ ಇವರಿಗೆ ಬರೀ ಕಥೆ ಅನ್ನಿಸ್ತೈತೆ. ಜಗಳೂರು ಕಡೆ ನಮ್ಮ ಬಸ್ಸಿನೋರು ಯಾರೂ ಹೋಗಂಗಿಲ್ಲ. ಅಲ್ಲಿ ಏನು ನಡೆದ್ರೂ ನಡೀತೈತೆ" ಎಂದರು.

ಆ ಹುಡುಗಿಗೆ ಮನೆಯಲ್ಲಿ ಮದುವೆಯ ಮಾತು ಬಂದಾಗಲೆಲ್ಲ ಬೆನ್ನಲ್ಲಿ ಒಂದೊಂದು ಪುಕ್ಕ ಮೊಳೆಯುತ್ತಿತ್ತು. ಪಕ್ಕದ ಮನೆಗೆ ಇನ್ನೊಬ್ಬ ಹುಡುಗಿ ಬಂದಳು. ಅವಳ ನೆರಳು ಸಂಜೆ ಆಗುತ್ತಲೇ ಅವಳನ್ನು ಬಿಟ್ಟು ಊರು ತಿರುಗಲು ಹೋಗಿ, ಯಾರ ಮನೆಯಲ್ಲಿ ಏನು ಸಾರು ಎಂದು ಬಂದು ಹೇಳುತ್ತಿತ್ತು. ಬಸ್ಸಿನವರು ಇದನ್ನೆಲ್ಲ ಸಲೀಸಾಗಿ ನುಂಗಿದರು. ಅಂಗನವಾಡಿಯ ಶಾರದಮ್ಮನಿಗಂತೂ ನೆರಳಿನ ಮೇಲೆ ಬಹಳ ಆಸೆಯಾಯಿತು. ಅವಳ ದೊಡ್ಡಪ್ಪನ ಮಗಳನ್ನು ಸೊಕ್ಕೆಗೇ ಕೊಟ್ಟಿದ್ದರು. ಇದು ಇಂಗ್ಲಿಷ್ ಮೇಡಂ ಎಣಿಸಿರದ ಸಂಗತಿ. ಶಾರದಮ್ಮ ಬಸ್ಸಿನಲ್ಲೇ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

"ಏಯ್, ನಿಮ್ಮೂರಾಗೆ ರೆಕ್ಕೆ ಇರೋ ಹುಡುಗಿ ಐತಂತಲ್ಲ, ಹೌದೇನೇ?"

ಇನ್ನು ಇವರ ಬಣ್ಣ ಬಯಲಾಯಿತು ಎಂದು ನಾನು ನೆಟ್ಟಗೆ ಕೂತೆ. ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಯಾವ ಓಣ್ಯಾಗೆ? ನಮ್ಮ ಓಣ್ಯಾಗಂತೂ ಇಲ್ಲವ್ವ. ಕೆಳಗಿನ ಓಣ್ಯಾಗೆ ಇರ್ಬೇಕು, ಅಲ್ಲಿ ಏನೇನೋ ಅದಾವೆ" ಎಂದು ಬಂತು.

ಅಲ್ಲಿಗೆ ಮುಗಿಯಿತು. ಇದು ಕಥೆ, ಅಚ್ಚಾದ ಇಂಗ್ಲಿಷ್ ಪುಸ್ತಕ ಎಂದು ನಾನು ಗಂಟಲು ಹರಿದುಕೊಂಡೆ. ಬಸ್ಸಿನವರು ನನ್ನನ್ನು ಕನಿಕರದಿಂದ ನೋಡಿದರು. "ಮೇಡಮ್ಮಾರಿಗೆ ಲೆಕ್ಕ ಬಿಟ್ರೆ ಯಾವುದ್ರಾಗೂ ನಂಬಿಕೆ ಇಲ್ಲ" ಎಂದು ಕಂಡಕ್ಟರ್ ತೀರ್ಪು ಕೊಟ್ಟ. ಕಿಟಕಿ ಪಕ್ಕದಲ್ಲಿದ್ದವರು ಹೊರಗೆ ನೋಡುತ್ತ, ಹೊಟ್ಟೆ ಕುಣಿಯುವ ಹಾಗೆ ಸದ್ದಿಲ್ಲದೆ ನಗುತ್ತಿದ್ದರು.

ರತ್ನಕ್ಕ ದಿನವೂ ನಿಂತೇ ಕೇಳುತ್ತಿದ್ದಳು. ಕೇಳದವಳ ಹಾಗೆ ಮುಖ ಆಚೆ ಮಾಡಿಕೊಂಡಿರುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ, "ಅಷ್ಟು ಪುಕ್ಕ ಬಂದ್ ಮೇಲೆ ಆ ಹುಡುಗಿ ಕುಪ್ಸ ಹೆಂಗೆ ಹಾಕ್ಕಂಡ್ಲು?" ಎಂದು ಕೇಳಿದಳು.

"ಪುಸ್ತಕದಾಗೆ ಬರ್ದಿಲ್ಲ ರತ್ನಕ್ಕ."

"ಬರೆಯೋರಿಗೆ ಅಷ್ಟೂ ಗೊತ್ತಾಗಂಗಿಲ್ವಾ? ಬೆನ್ನು ಪೂರ್ತಿ ಬಿಟ್ಟು ಲಾಡಿ ಕೊಡ್ಬೇಕು. ಹುಕ್ಸ್ ಇಟ್ರೆ ಪುಕ್ಕ ಸಿಕ್ಕಾಕ್ಕಂತಾವೆ."

ಬಸವಾಪಟ್ಟಣ ಬರುವ ತನಕ ಇದೇ ಚರ್ಚೆ. ಮರುದಿನದಿಂದ ರತ್ನಕ್ಕ ನಮ್ಮ ಎದುರಿನ ಸೀಟಿನಲ್ಲಿ ಕೂರತೊಡಗಿದಳು. ಒಂದು ಸಂಜೆ ಪಕ್ಕದ ಮನೆ ಹುಡುಗಿಯ ನೆರಳು ಎಲ್ಲಿಗೂ ತಿರುಗಲು ಹೋಗದೆ ರೆಕ್ಕೆ ಹುಡುಗಿಯ ನೆರಳಿನ ಪಕ್ಕದಲ್ಲಿ ಮಲಗಿತು ಎಂದು ಕಥೆಯಲ್ಲಿ ಬಂದಾಗ ನಾನು ಟಿಕೆಟ್ಟನ್ನು ಮಡಚತೊಡಗಿದೆ. ರತ್ನಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ.

"ಗೆಳತೀರು" ಎಂದಳು ಶಾರದಮ್ಮ, ಸಮಾಧಾನಕ್ಕೆ.

"ಗೆಳತೀರಲ್ಲ ಶಾರದಮ್ಮ. ಮನಸು ಕೊಟ್ಟಾರೆ."

ಶಾರದಮ್ಮ ಸಂಚಿಯ ದಾರ ಬಿಚ್ಚಿದಳು. "ಆ ನೆರಳಿನ ಹುಡುಗಿಗೆ ಅಡಿಗೆ ಬರ್ತೈತಾ?"

"ಬರ್ತೈತೆ."

"ಹಂಗಾದ್ರೆ ಚಿಂತಿಲ್ಲ" ಎಂದು ಶಾರದಮ್ಮ ಸಂಚಿಯಿಂದ ಅಡಿಕೆ ತೆಗೆದಳು. ಅಷ್ಟೇ. ಹೆಡ್‌ಮಾಸ್ತರಿಗೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಬಸ್ಸಿನಲ್ಲಿ ಹೀಗೆ ಇಳಿದುಹೋಯಿತು.

ರತ್ನಕ್ಕ ಸಿಡಿದದ್ದು ಆಮೇಲೆ, ಕಥೆಯಲ್ಲಿ ತಾಯಿ ಬಂದಾಗ. ರೆಕ್ಕೆ ಹುಡುಗಿಯ ತಾಯಿ ಮಗಳನ್ನು ಕೋಣೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದಳು. ಒಳಗೆ ರೆಕ್ಕೆ ಬೆಳೆದು ಬೆಳೆದು ಹುಡುಗಿಗೆ ನೆಟ್ಟಗೆ ನಿಲ್ಲಲೂ ಜಾಗವಿಲ್ಲ. ತಾಯಿ ಹೊರಗೆ ಅದೇ ಬಾಗಿಲಿಗೆ ಒರಗಿ ಕೂತಿದ್ದಾಳೆ. ಇಲ್ಲಿಗೆ ಬಂದಾಗ ಹಿಂದಿನ ಸೀಟಿನಿಂದ ಯಾರೋ "ಎಂಥಾ ತಾಯಿ ಅದು" ಎಂದರು.

ರತ್ನಕ್ಕ ತಿರುಗಿದಳು. "ತಾಯಿ ಕಣ್ರೀ ಆಕೆ, ರಾಕ್ಷಸಿ ಅಲ್ಲ! ಬಾಗ್ಲು ಹಾಕ್ದೆ ಏನ್ ಮಾಡ್ಬೇಕಿತ್ತು? ರೆಕ್ಕೆ ಇಟ್ಕಂಡು ಬೀದಿಗೆ ಬಂದ್ರೆ ಕಲ್ಲು ಹೊಡೆಯೋರು ಯಾರು? ಇಲ್ಲಿ ಕುಂತು ಲೊಚಗುಟ್ತೀರಲ್ಲ, ನೀವೇ. ನನ್ ಮಗಳು ಹೋದಾಗ ನನ್ನಂಗಡಿ ಮುಂದೆ ನಿಂತು ಕಿಸಿದೋರು ಯಾರು? ಸೊಕ್ಕೆಯೋರು ಬಂದಿದ್ರಾ?"

ಕಂಡಕ್ಟರ್ ಟಿಕೆಟ್ ಎಣಿಸುತ್ತ ಹಿಂದಕ್ಕೆ ಸರಿದ. ಇಂಥ ಹೊತ್ತಿನಲ್ಲಿ ಮನುಷ್ಯರಾದವರು ಮಾತು ಬದಲಿಸುತ್ತಾರೆ. ನಮ್ಮ ಇಂಗ್ಲಿಷ್ ಮೇಡಂ ಏನು ಮಾಡಿದರು? ಶಾಂತವಾಗಿ ಕೇಳಿದರು.

"ಹಂಗಾದ್ರೆ ಆ ತಾಯಿ ಮುಂದೆ ಏನ್ ಮಾಡಿದ್ಲು, ನೀವೇ ಹೇಳ್ರಿ ರತ್ನಕ್ಕ."

"ನೀವು ಓದೀರಲ್ಲ!"

"ಪುಸ್ತಕದ ತಾಯಿ ಬ್ಯಾರೆ ಊರಾಕೆ. ಈ ಸೊಕ್ಕೆ ತಾಯಿ ಏನ್ ಮಾಡ್ತಾಳೋ ನಂಗೆ ಗೊತ್ತಿಲ್ಲ."

ರತ್ನಕ್ಕ ಒಂದು ಸ್ಟಾಪು ಮೊದಲೇ ಇಳಿದು ನಡೆದುಹೋದಳು. ಮರುದಿನದಿಂದ ನಮ್ಮ ಬಸ್ಸು ಬಿಟ್ಟು ಹಿಂದೆ ಬರುವ ಬಸ್ಸಿಗೆ ಹತ್ತತೊಡಗಿದಳು.

ಕಥೆ ಅಲ್ಲೇ ನಿಂತಿತು. ಮಗಳ ಬೆನ್ನು ಸೂರಿಗೆ ತಾಗುತ್ತಿದೆ, ತಾಯಿ ಹೊರಗೆ ಕೂತಿದ್ದಾಳೆ, ಇವರು ಮುಂದಕ್ಕೆ ಹೇಳಲೊಲ್ಲರು. ಶಾರದಮ್ಮ ಬೇಡಿಕೊಂಡಳು. ಕಂಡಕ್ಟರ್ ಗೋಗರೆದ. ಇವರು ಗ್ಯಾಸ್ ಸಿಲಿಂಡರ್ ಬಂದಿಲ್ಲ, ಬದನೆಕಾಯಿಗೆ ಹುಳ ಬಿದ್ದಿದೆ ಎಂದು ಬೇರೆ ಮಾತಾಡಿದರು. ಅಷ್ಟರಲ್ಲಿ ಅವರ ನಿವೃತ್ತಿಯ ದಿನವೂ ಬಂತು. ಶಾಲು ಹೊದಿಸಿದೆವು, ಫೋಟೋ ತೆಗೆಸಿಕೊಂಡೆವು. ಮಧ್ಯಾಹ್ನ ಊಟಕ್ಕೆ ಕೂತಾಗ ನನಗೆ ಸಿಟ್ಟು ತಡೆಯಲಿಲ್ಲ.

"ಇದು ಮೊಂಡುತನ ಮೇಡಂ. ಆ ಹೆಂಗಸು ಬಂದು ಕೂರುತ್ತಿದ್ದಳು, ಕೇಳುತ್ತಿದ್ದಳು. ನೀವೇ ಅವಳನ್ನು ಓಡಿಸಿದಿರಿ."

ಆ ಒಂದು ದಿನ ಮಾತ್ರ ಅವರು ತಮಾಷೆ ಮಾಡಲಿಲ್ಲ. "ನಾನು ಹೇಳಿಬಿಟ್ರೆ ಕೇಳಿ, ಚೆನ್ನಾಗಿತ್ತು ಅಂದು ಮನೆಗೆ ಹೋಗ್ತಾಳೆ ಗಣಿತ. ಮಗಳು ಅಲ್ಲೇ ಇರ್ತಾಳೆ, ತಾಯಿ ಇಲ್ಲೇ ಇರ್ತಾಳೆ. ಹೇಳದೇ ಇದ್ರೆ ಆಕೇನ ಕೊರೀತಿರ್ತೈತೆ."

"ಕೊರೆದು ಏನೂ ಆಗದಿದ್ದರೆ?"

ನನ್ನ ಡಬ್ಬಿಯಿಂದ ರೊಟ್ಟಿ ಮುರಿದುಕೊಂಡರು.

ಅವರು ಹೋದರು, ನಾನು ಸಿಕ್ಕಿಬಿದ್ದೆ. ಪಕ್ಕದಲ್ಲಿ ಕೂರುತ್ತಿದ್ದವಳಿಗೆ ಗೊತ್ತಿರಲೇಬೇಕು ಎಂದು ಬಸ್ಸಿನವರ ಲೆಕ್ಕ. "ತೆಗೆದ್ಲೇನ್ರೀ ಮೇಡಂ ಬಾಗ್ಲು?" ಎಂದು ದಿನಾ ಕೇಳುವುದು. ತಲೆ ತಿಂದು ಹಾಕಿದರು. ಕೊನೆಗೆ ದಸರಾ ರಜೆಯಲ್ಲಿ, ಶಾಲೆಯ ಕಪಾಟಿನಿಂದ ಆ ಮಿಂಚಿನ ಪುಸ್ತಕ ತಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಪೂರ್ತಿ ಓದಿದೆ. ಅದರಲ್ಲಿ ನೆರಳು ಬಾಗಿಲ ಸಂದಿಯಿಂದ ಒಳಗೆ ಬಂದು ಕಿಟಕಿ ತೆರೆಯುತ್ತದೆ. ಹುಡುಗಿ ಹಾರಿಹೋಗುತ್ತಾಳೆ. ಇಬ್ಬರೂ ಸಮುದ್ರದ ದಂಡೆಯ ಊರೊಂದರಲ್ಲಿ ಕೂತು ಬಿಸಿ ಬಿಸಿ ಮೀನು ತಿನ್ನುತ್ತಾರೆ. ಚೆನ್ನಾಗಿತ್ತು, ಕಣ್ಣಲ್ಲಿ ನೀರು ಬಂತು. ಆದರೆ ಬಾಗಿಲಿಗೆ ಒರಗಿ ಕೂತ ಆ ತಾಯಿ? ಅವಳು ಯಾವಾಗ ಎದ್ದಳು, ಖಾಲಿ ಕೋಣೆ ನೋಡಿ ಏನು ಮಾಡಿದಳು? ಒಂದು ಸಾಲಿಲ್ಲ! ಎಷ್ಟಾದರೂ ಹುಡುಗರ ಪುಸ್ತಕ. ಹಾರಿಹೋಗುವವರಿಗೆ ಹಿಂದೆ ಕೂತವರ ಯೋಚನೆ ಎಲ್ಲಿರುತ್ತದೆ?

ಫೋನ್ ಮಾಡಿ ಜಗಳವಾಡಿದೆ. "ನಿಮ್ಮ ಪುಸ್ತಕದಲ್ಲಿ ತಾಯಿಯೇ ಇಲ್ಲವಲ್ರೀ!"

"ಓದಿದ್ರಾ? ಪೂರ್ತಿ?" ಅವರ ದನಿಯಲ್ಲಿ ಇದ್ದಷ್ಟು ಸಂತೋಷ ನನ್ನನ್ನು ಇನ್ನಷ್ಟು ಉರಿಸಿತು. "ನಿಮಗೇನಾದ್ರೂ ಆಯ್ತಾ?"

"ತಲೆನೋವಾಯಿತು."

"ಹಂಗಾದ್ರೆ ಇನ್ನೊಂದು ಕಳಿಸ್ತೀನಿ."

ಕಳಿಸಿದರು. ಅದನ್ನೂ ಓದಿದೆ, ಅದರ ಮುಂದಿನದನ್ನೂ ಓದಿದೆ. ನನಗೆ ಇಷ್ಟವಾದವು ಎಂದು ಅವರಿಗೆ ಹೇಳಲಿಲ್ಲ. ಹೇಳುವುದೂ ಇಲ್ಲ.

ಈ ಸಲ ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಹೊಸತರಲ್ಲಿ, ಬೆಳಿಗ್ಗೆ ಹಾಲು ಕಾಯಲು ಇಟ್ಟು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಸುಟ್ಟ ವಾಸನೆಗೆ ಕೆಳಗಿನ ಮನೆಯವರು ಓಡಿ ಬಂದು, ನನಗೆ ಫೋನ್ ಮಾಡಿದರು. ಹೇಳದೆ ಕೇಳದೆ ಹೋಗುವುದೆಂದರೇನು? ಅಷ್ಟು ಮಾತಿನವರು, ನನಗೊಂದು ಮಾತು ಹೇಳಿಹೋಗಬಾರದಿತ್ತೇ? ಆ ಸಿಟ್ಟು ಇನ್ನೂ ಇಳಿದಿಲ್ಲ.

ಮಣ್ಣಿಗೆ ಜನ ಸೇರಿದ್ದರು. ಮನೆಯ ಮುಂದಿನ ರಸ್ತೆಯ ಈ ಬದಿಯಲ್ಲಿ ನನ್ನ ಪಕ್ಕಕ್ಕೆ ರತ್ನಕ್ಕ ಬಂದು ನಿಂತಳು. ಸ್ವಲ್ಪ ಹೊತ್ತಿಗೆ ಆ ಬದಿಯಲ್ಲಿ ಸ್ಕೂಟಿ ನಿಂತಿತು. ಚನ್ನಗಿರಿಯಿಂದ ಅವಳ ಮಗಳು, ಜೊತೆಗೆ ಆ ಹುಡುಗಿ. ಮಗಳು ಅತ್ತು ಅತ್ತು ಮುಖ ಕೆಂಪಾಗಿತ್ತು. ತಾಯಿಯನ್ನು ನೋಡಿದಳು, ಅಲುಗಲಿಲ್ಲ. ತಾಯಿಯೂ ಅಲುಗಲಿಲ್ಲ. ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ರಸ್ತೆ, ಅಷ್ಟನ್ನು ದಾಟಲು ಇಬ್ಬರಿಗೂ ಆಗಲಿಲ್ಲ.

"ಯಾಕೆ ಅಷ್ಟು ಸೊರಗ್ಯಾಳೆ?" ಎಂದು ರತ್ನಕ್ಕ ನನ್ನನ್ನು ಕೇಳಿದಳು.

"ನನ್ನನ್ನೇನು ಕೇಳುತ್ತೀರಿ, ಹೋಗಿ ಅವಳನ್ನೇ ಕೇಳಿ" ಎಂದೆ. ಹೋಗಲಿಲ್ಲ. ಹೆಣ ಎತ್ತಿದರು, ಜನ ನಡುವೆ ಬಂದರು, ಸ್ಕೂಟಿ ಹೊರಟುಹೋಯಿತು. ಇಬ್ಬರ ಕೆನ್ನೆಗೂ ಬಾರಿಸಬೇಕು ಅನ್ನಿಸಿತು ನನಗೆ.

ಶ್ರದ್ಧಾಂಜಲಿ ಸಭೆ ಕಳೆದ ಮೇಲೆ, ಒಂದು ಬೆಳಿಗ್ಗೆ ರತ್ನಕ್ಕ ಮತ್ತೆ ನಮ್ಮ ಬಸ್ಸಿಗೇ ಹತ್ತಿದಳು. ಎರಡೂ ಕೈಯಲ್ಲಿ ತುಂಬಿದ ಚೀಲ. ಕಂಡಕ್ಟರ್ ಕೇಳದೆಯೇ ಬಸವಾಪಟ್ಟಣದ ಟಿಕೆಟ್ ಹರಿಯಲು ಹೋದ.

"ಚನ್ನಗಿರಿ" ಎಂದಳು.

"ಬಸವಾಪಟ್ಟಣ ಅಲ್ವೇನಕ್ಕ?"

"ಕಿವಿ ಕೇಳಂಗಿಲ್ವಾ? ಚನ್ನಗಿರಿ."

ಶಾರದಮ್ಮ ಎದ್ದು ಅವಳಿಗೆ ಸೀಟು ಬಿಟ್ಟುಕೊಟ್ಟಳು. ಬಸವಾಪಟ್ಟಣ ಬಂದಾಗ ನಾನು ಇಳಿಯಲೇಬೇಕಾಯಿತು, ಮೊದಲ ಪೀರಿಯಡ್ ನನ್ನದೇ. ಈ ನೌಕರಿಗೆ ಬೆಂಕಿ ಬೀಳಲಿ ಎಂದು ಬೈದುಕೊಂಡು ಇಳಿದೆ. ಆ ದಿನ ಬೋರ್ಡಿನ ಮೇಲೆ ಬರೆದ ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಕಿಟಕಿ ನೋಡುತ್ತಿದ್ದೆನಂತೆ, ಮಕ್ಕಳು ಹೇಳಿದರು. ಬಸ್ಸಿನಲ್ಲಿ ಕಂಡದ್ದನ್ನು ಯಾರಿಗೆ ಹೇಳಬೇಕೋ ಅವರೇ ಇರಲಿಲ್ಲ. ಈ ಹೊತ್ತಿಗೆ ಸ್ಟಾಫ್‌ರೂಮಿನಲ್ಲಿ ನನ್ನ ರೊಟ್ಟಿ ಮುರಿಯುತ್ತ "ನಾ ಹೇಳ್ಲಿಲ್ವಾ ಗಣಿತ" ಎಂದು ಬೀಗಬೇಕಿತ್ತು ಅವರು. ನಾನು ಅದನ್ನೂ ಸಹಿಸಿಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ರತ್ನಕ್ಕ ತನ್ನ ಹಳ್ಳಿಯ ಸ್ಟಾಪಿನಲ್ಲಿ ಹತ್ತಿದಾಗ ಇಡೀ ಬಸ್ಸು ಅವಳನ್ನೇ ಕಾಯುತ್ತಿತ್ತು. ಬಂದು ನನ್ನ ಪಕ್ಕದಲ್ಲಿ ಕೂತಳು. ಕೊನೆಗೆ ನಾನೇ ಕೇಳಿದೆ.

"ಮಗಳು ಸಿಕ್ಕಿದಳಾ?"

"ಸಿಗದೆ ಏನು. ಮುಖ ಊದಿಸ್ಕಂಡು ಮನೆಯಾಗೆ ಕುಂತಿತ್ತು. ನಾನು ಉಣ್ಣಾಕೆ ಕುಂತ್ರೂ ಮಾತಿಲ್ಲ. ಅರ್ಧ ಉಂಡ ಮೇಲೆ 'ಉಪ್ಪು ಸಾಕಾ?' ಅಂತು. ಸಾಕು ಅಂದೆ. ಅಷ್ಟೇ ಮಾತು. ಬರೋ ವಾರ ಮತ್ತೆ ಹೋಗ್ತೀನಿ."

ಕಂಡಕ್ಟರ್ ಹತ್ತಿರ ಬಂದು ಬಗ್ಗಿದ. "ಮತ್ತೆ ಸೊಕ್ಕೆ ಹುಡುಗಿ ಏನಾದ್ಲಕ್ಕ? ತಾಯಿ ಬಾಗ್ಲು ತೆಗೆದ್ಲಾ?"

"ಅದು ಕಥೆ ಕಣಪ್ಪಾ, ಪುಸ್ತಕದ್ದು. ಇಷ್ಟು ದಿನ ನಿಜ ಅಂತ ನಂಬ್ಕಂಡಿದ್ಯಾ?"

ಅವನ ಮುಖ ಸಪ್ಪಗಾಯಿತು. ಶಾರದಮ್ಮನಿಗಂತೂ ಸಿಟ್ಟೇ ಬಂದು ಕಿಟಕಿಯ ಕಡೆ ತಿರುಗಿದಳು. ರತ್ನಕ್ಕ ದನಿ ತಗ್ಗಿಸಿ ನನ್ನ ಕಡೆ ವಾಲಿದಳು.

"ಬಸ್‌ಸ್ಟ್ಯಾಂಡಿಗೆ ನಾ ಬರೋದು ಹೇಳಿ ಕಳಿಸಿದ್ರೂ ಮಗಳು ಬಂದಿರ್ಲಿಲ್ಲ ಮೇಡಂ. ಆ ಇನ್ನೊಂದು ಬಂದಿತ್ತು, ನ್ಯಾಮತೀದು. ಅಷ್ಟು ಜನದಾಗೆ ದೂರದಿಂದ್ಲೇ 'ಅತ್ತೇ' ಅಂತ ಕೂಗ್ತು ನೋಡ್ರಿ. ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ತಿರುಗಿ ನೋಡ್ತು. ನಂಗೆ ಮೈಯೆಲ್ಲ ಉರಿದುಹೋತು."

"ನೀವೇನಂದಿರಿ?"

"ಏನನ್ಲಿ? ಎರಡೂ ಕೈಯಾಗೆ ಚೀಲ, ರೊಟ್ಟಿ, ಉಪ್ಪಿನಕಾಯಿ, ಭಾರ. 'ಅಲ್ಲಿಂದ ಏನ್ ಕೂಗ್ತೀಯೇ, ಬಂದು ಒಂದು ಹಿಡ್ಕಳಾಕೆ ಆಗಂಗಿಲ್ವಾ' ಅಂದೆ."